ಹಾಲು ಕಾಯುವಷ್ಟು ಹೊತ್ತು

ನಮ್ಮ ಅಡುಗೆಮನೆ ಗೋಡೆಯಲ್ಲಿ ಎರಡು ಮೊಳೆ ಇವೆ. ಒಂದರಲ್ಲಿ ಜರಡಿ, ಇನ್ನೊಂದರಲ್ಲಿ ಕ್ಯಾಲೆಂಡರ್. ಪ್ರಾವಿಷನ್ ಸ್ಟೋರ್‌ನವರು ಡಿಸೆಂಬರ್ ಕೊನೆಗೆ ಸಾಮಾನಿನ ಜೊತೆ ಸುತ್ತಿ ಕೊಡುತ್ತಾರಲ್ಲ, ಅದೇ. ತಾರೀಖಿನ ಚೌಕ ದೊಡ್ಡದಿರುತ್ತದೆ. ಹಾಲು ಎಷ್ಟು ಪ್ಯಾಕೆಟ್, ಸಿಲಿಂಡರ್ ಯಾವತ್ತು ಹಾಕಿದ್ದು, ಯಾರ ಬ್ಲೌಸ್ ಯಾವತ್ತು ಕೊಡಬೇಕು, ಎಲ್ಲ ಅದರಲ್ಲೇ ಬರೆಯುತ್ತೇನೆ. ಹಾಲ್‌ನಲ್ಲಿ ಚರ್ಚಿನ ಕ್ಯಾಲೆಂಡರ್ ಬೇರೆ ಇದೆ. ಅದರಲ್ಲಿ ದೇವರ ವಾಕ್ಯ ಇದೆ, ಅದರ ಮೇಲೆ ಪೆನ್ನು ಆಡಿಸುವ ಹಾಗಿಲ್ಲ. ಅತ್ತೆಯ ಕಟ್ಟಪ್ಪಣೆ.

2024ರ ಫೆಬ್ರವರಿ 14ರಿಂದ ಈ ಅಡುಗೆಮನೆ ಕ್ಯಾಲೆಂಡರ್‌ನಲ್ಲೇ ಪ್ರಾರ್ಥನೆಯನ್ನೂ ಬರೆಯುತ್ತಿದ್ದೇನೆ. ದಿನಕ್ಕೆ ಒಂದು ಸಾಲು. ಆ ವರ್ಷ ಬೂದಿ ಬುಧವಾರ ಅವತ್ತು ಬಂದಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲಕ್ಕೆ ಲೆಂಟ್ ಅನ್ನುತ್ತೇವೆ, ಅದು ಅವತ್ತಿಂದ ಶುರು. ಆಗ ನಮ್ಮ ಚರ್ಚಿನ ಪಾದ್ರಿ ಅಯ್ಯನವರು, ಈಸ್ಟರ್ ತನಕ ಒಂದು ಪುಸ್ತಕ ಇಟ್ಟುಕೊಂಡು ದಿನಾ ಏನು ಬೇಡಿಕೊಂಡಿರಿ ಅಂತ ಬರೆಯಿರಿ ಅಂದರು. ಪುಸ್ತಕ ನನಗೆ ಆಗಿಬರುವುದಿಲ್ಲ. ಹಿಂದೆ ಮೂರು ಸಲ ತಂದಿದ್ದೆ. ಮೂರೂ ಮೆಷಿನ್ನಿನ ಡ್ರಾಯರ್ ಸೇರಿ, ಕೊನೆಗೆ ಅಳತೆ ಬರೆಯೋಕೆ ಬಳಕೆಯಾದವು. ಅದಕ್ಕೇ ಈ ಸಲ ದಿನಾ ಕಣ್ಣಿಗೆ ಬೀಳುವ ಜಾಗದಲ್ಲೇ ಬರೆದೆ.

ನಾವು ರಾಜರಾಜೇಶ್ವರಿ ನಗರದಲ್ಲಿ ಒಂದು ಹಳೇ ಬಿಲ್ಡಿಂಗ್‌ನಲ್ಲಿದ್ದೇವೆ. ಹನ್ನೆರಡು ಮನೆ. ನಾನು, ನಮ್ಮನೆಯವರು, ಅತ್ತೆ, ಮಗ ಪುಟ್ಟ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಫಾಲ್ ಹಾಕುತ್ತೇನೆ. ಭಾನುವಾರ ಹಡ್ಸನ್ ಚರ್ಚ್. ಹತ್ತಿರದಲ್ಲೇ ಬೇರೆ ಚರ್ಚ್ ಇವೆ. ಆದರೆ 1904ರಲ್ಲಿ ಕಟ್ಟಿದ ಆ ಕಲ್ಲಿನ ಚರ್ಚಿನಲ್ಲಿ ಕನ್ನಡದಲ್ಲಿ ಕೀರ್ತನೆ ಹಾಡದಿದ್ದರೆ ಅತ್ತೆಗೆ ಭಾನುವಾರ ಆದ ಹಾಗೇ ಅಲ್ಲ. ಅವರು ಗುಬ್ಬಿ ಕಡೆಯವರು, ಅಪ್ಪಟ ಕನ್ನಡ ಸಭೆಯಲ್ಲಿ ಬೆಳೆದವರು. ಶಕ್ತಿ ಯೋಜನೆ ಬಂದ ಮೇಲೆ ನಾವಿಬ್ಬರು ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ. ಟಿಕೆಟ್ ತಗೊಳ್ಳುವಾಗ ಅತ್ತೆ ಮಗನ ಕಡೆ ತಿರುಗಿ ನಗುತ್ತಾರೆ.

ಅತ್ತೆಯ ಪ್ರಾರ್ಥನೆ ಉದ್ದ. ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆಗೆ ಕೂತರೆ ದೇಶ ಆಳುವವರಿಂದ ಶುರುವಾಗಿ, ಗಡಿ ಕಾಯುವ ಸೈನಿಕರು, ಗುಬ್ಬಿಯ ನೆಂಟರು, ಆಸ್ಪತ್ರೆಯಲ್ಲಿರುವವರು, ಪೇಪರ್ ಹಾಕುವ ಹುಡುಗ, ಹೀಗೆ ಬರುತ್ತಾ ಬರುತ್ತಾ ನಮ್ಮ ಮನೆ ತಲುಪುವ ಹೊತ್ತಿಗೆ ಸಾರು ತಣ್ಣಗಾಗಿರುತ್ತದೆ. ಪುಟ್ಟ ತೂಕಡಿಸುತ್ತಿರುತ್ತಾನೆ. ನಾನೂ ಒಳಗೊಳಗೇ ನಾಳೆಯ ಕಟಿಂಗ್ ಲೆಕ್ಕ ಹಾಕುತ್ತಿರುತ್ತೇನೆ. ಸುಳ್ಳು ಯಾಕೆ ಹೇಳಲಿ?

ನನಗೆ ಆ ಉದ್ದ ಬರುವುದಿಲ್ಲ ಅಂತ ಬಹಳ ದಿನ ಕೊರಗಿದ್ದೆ. ಪ್ರಾರ್ಥನೆ ಅಂದರೆ ಮೊಣಕಾಲೂರಬೇಕು, ಕಣ್ಣು ಮುಚ್ಚಬೇಕು, ಒಳಗೆ ಏನೋ ತುಂಬಿ ಬರಬೇಕು ಅಂದುಕೊಂಡಿದ್ದೆ. ಹಾಗೆ ತುಂಬಿ ಬರಲಿ ಅಂತ ಕಾಯುತ್ತಾ ಎಷ್ಟೋ ದಿನ ಪ್ರಾರ್ಥನೆಯೇ ಮಾಡುತ್ತಿರಲಿಲ್ಲ. ಕ್ಯಾಲೆಂಡರ್‌ನಲ್ಲಿ ಬರೆಯಲು ಶುರು ಮಾಡಿದ ಮೇಲೆ ಹೊತ್ತು ತಾನಾಗೇ ಗೊತ್ತಾಯಿತು. ಬೆಳಿಗ್ಗೆ ಐದೂಮುಕ್ಕಾಲಿಗೆ ಹಾಲು ಒಲೆ ಮೇಲಿಡುತ್ತೇನೆ. ಎರಡು ಪ್ಯಾಕೆಟ್ ಕಾಯೋಕೆ ಆರೇಳು ನಿಮಿಷ ಬೇಕು. ಅಷ್ಟು ಹೊತ್ತು ಅಲ್ಲೇ ನಿಂತಿರಲೇಬೇಕು, ಬೇರೆ ಕೆಲಸ ಮಾಡೋಕಾಗಲ್ಲ. ಕಣ್ಣು ಮುಚ್ಚುವ ಹಾಗೂ ಇಲ್ಲ, ಮುಚ್ಚಿದರೆ ಉಕ್ಕುತ್ತದೆ. ಕಣ್ಣು ಬಿಟ್ಟುಕೊಂಡೇ, ಹಾಲು ನೋಡಿಕೊಂಡೇ ಪ್ರಾರ್ಥನೆ. ಉರಿ ಸಣ್ಣ ಮಾಡಿದ ಮೇಲೆ ಒಂದು ಸಾಲು ಬರೆದು, ಪೆನ್ನನ್ನು ಜರಡಿ ಮೊಳೆಗೆ ಸಿಕ್ಕಿಸುತ್ತೇನೆ.

ಮೊದಮೊದಲು 'ಎಲ್ಲರಿಗೂ ಒಳ್ಳೇದು ಮಾಡಪ್ಪ' ಅಂತ ಬರೆಯುತ್ತಿದ್ದೆ. ನಾಲ್ಕು ದಿನ ಅದನ್ನೇ ಬರೆದ ಮೇಲೆ ನನಗೇ ನಾಚಿಕೆಯಾಯಿತು. ಕಸ್ಟಮರ್ ಬಂದು 'ಚೆನ್ನಾಗಿ ಹೊಲಿದುಬಿಡಿ' ಅಂದರೆ ನಾನು ಸುಮ್ಮನಿರುತ್ತೇನಾ? ಕುತ್ತಿಗೆ ಎಷ್ಟು ಇಳಿಸಲಿ, ತೋಳು ಎಷ್ಟು, ಲೈನಿಂಗ್ ಬೇಕಾ ಅಂತ ಕೇಳುವುದಿಲ್ಲವೇ? ಆಮೇಲಿಂದ ಹೆಸರು, ವಿಷಯ ಎರಡನ್ನೂ ಬಿಡಿಸಿ ಬರೆದೆ. 'ಅತ್ತೆ, ಎಡ ಮೊಣಕಾಲು.' 'ಪುಟ್ಟ, ತ್ರಿಕೋನಮಿತಿ.' ಅದರ ಕೆಳಗೆ ಸಣ್ಣಕ್ಷರದಲ್ಲಿ ಇವತ್ತು ನನ್ನ ಕೈಯಲ್ಲಿ ಏನಾಗುತ್ತದೆ ಅನ್ನುವುದು. 'ಎಣ್ಣೆ ಬಿಸಿ ಮಾಡಿ ತಿಕ್ಕು.' 'ಟ್ಯೂಷನ್ ಮೇಷ್ಟ್ರಿಗೆ ಫೋನ್.' ಕೆಳಗಿನ ಸಾಲನ್ನು ಬರೆಯಿರಿ ಅಂತ ಯಾರೂ ಹೇಳಿಕೊಟ್ಟದ್ದಲ್ಲ. ಅದು ಇಲ್ಲದಿದ್ದರೆ ಮೇಲಿನ ಸಾಲನ್ನು ದೇವರ ತಲೆಗೆ ಕಟ್ಟಿ ನಾನು ಆರಾಮಾಗಿರುತ್ತಿದ್ದೆ.

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು 'ಈಹೊತ್ತು' ಕೊಡು ಅಂತ ಬರುತ್ತದೆ. ಮೂರು ವರ್ಷದ ಮಗುವಾಗಿದ್ದಾಗಿಂದ ಹೇಳಿಕೊಂಡು ಬಂದಿದ್ದೇನೆ. ಆ 'ಈಹೊತ್ತು' ಅನ್ನುವ ಮಾತು ಕಿವಿಗೆ ಬಿದ್ದದ್ದು ಮಾತ್ರ ಈ ಚೌಕಗಳನ್ನು ತುಂಬಿಸತೊಡಗಿದ ಮೇಲೆ. ಚೌಕ ಒಂದು ದಿನದ್ದು. ನಾಳೆಯದನ್ನು ತುರುಕೋಕೆ ಜಾಗ ಇಲ್ಲ.

ಆ ವರ್ಷದ ಮಾರ್ಚ್ ಬೆಂಗಳೂರಿನವರಿಗೆ ನೆನಪಿರುತ್ತದೆ. ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿತು. ಮೋಟರ್ ಹಾಕಿದರೆ ಬರೀ ಗಾಳಿಯ ಸದ್ದು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಅಂತ ರೇಟೂ ಗೊತ್ತು ಮಾಡಿದರು. ಆ ರೇಟಿಗೆ ಫೋನ್ ಎತ್ತುವವರು ಸಿಗಬೇಕಲ್ಲ! ಮಾರ್ಚ್ ಹಾಳೆ ನೋಡಿದರೆ ಪ್ರಾರ್ಥನೆ ಯಾವುದು, ಮನೆ ಲೆಕ್ಕ ಯಾವುದು ಗೊತ್ತಾಗುವುದಿಲ್ಲ. 'ನೀರು. ಟ್ಯಾಂಕರ್ ನಾಳೆ ಅಂದಿದ್ದಾನೆ.' 'ನೀರು. ಅಕ್ಕಿ ತೊಳೆದದ್ದು ಗಿಡಕ್ಕೆ.' 'ನೀರು ಬಂತು, ರಾತ್ರಿ 1 ಗಂಟೆ.'

ಏಪ್ರಿಲ್ ಇನ್ನೂ ಕಷ್ಟ. ಆ ತಿಂಗಳು ಪೂರ್ತಿ ನಮ್ಮ ಕಡೆ ಮಳೆಯೇ ಇಲ್ಲ. ಅತ್ತೆ ಬೈಬಲ್‌ನ ಪ್ರವಾದಿ ಎಲೀಯನ ಕಥೆ ಹಿಡಿದುಕೊಂಡರು. ಒಂದನೇ ಅರಸುಗಳು 18ನೇ ಅಧ್ಯಾಯದಲ್ಲಿ ಬರುತ್ತದೆ. ಮಳೆ ಇಲ್ಲದ ಬರಗಾಲದಲ್ಲಿ ಎಲೀಯ ಬೆಟ್ಟದ ಮೇಲೆ ತಲೆ ಬಗ್ಗಿಸಿ ಕೂತು, ಸಮುದ್ರದ ಕಡೆ ನೋಡಿ ಬಾ ಅಂತ ಆಳನ್ನು ಕಳಿಸುತ್ತಾನೆ. ಆರು ಸಲ ಹೋಗಿ ಬಂದರೂ ಏನೂ ಇಲ್ಲ. ಏಳನೇ ಸಲ ಅಂಗೈ ಅಗಲದ ಮೋಡ ಕಾಣುತ್ತದೆ. ಸರಿ, ದಿನಾ ಸಂಜೆ ಪುಟ್ಟನಿಗೆ ಟೆರೇಸ್ ಡ್ಯೂಟಿ.

"ಮೋಡ ಇದ್ಯಾ ನೋಡ್ಕೊಂಡು ಬಾರೋ ಮಗ."

"ಅಜ್ಜಿ, ಮೊಬೈಲ್‌ನಲ್ಲೇ ತೋರಿಸುತ್ತೆ. ಸೊನ್ನೆ ಪರ್ಸೆಂಟ್."

"ಅದು ಮೊಬೈಲ್ ನೋಡಿದ್ದು. ನೀನು ನೋಡ್ಕೊಂಡು ಬಾ."

ಗೊಣಗಿಕೊಂಡು ಹೋಗುತ್ತಿದ್ದ. ಒಂದೊಂದು ದಿನ ಹೋಗಿ ಅರ್ಧ ಗಂಟೆ ಬರುತ್ತಿರಲಿಲ್ಲ. ಪರೀಕ್ಷೆ ಮುಗಿದಿತ್ತು, ಗಣಿತ ಹೇಗೆ ಬರೆದಿದ್ದೇನೆ ಅಂತ ಅವನಿಗೆ ಗೊತ್ತಿತ್ತು. ಒಬ್ಬನೇ ಕೂರೋಕೆ ಜಾಗ ಬೇಕಿತ್ತೇನೋ. ನಾನು ಚೌಕದಲ್ಲಿ 'ಮೋಡ' ಅಂತ ಒಂದೇ ಪದ ಬರೆದ ದಿನಗಳಿವೆ.

ಅವನು ಎಸ್‌ಎಸ್‌ಎಲ್‌ಸಿ. ಪರೀಕ್ಷೆ ಮಾರ್ಚ್ 25ಕ್ಕೆ ಶುರುವಾಯಿತು, ಅದೂ ಈಸ್ಟರ್‌ಗೆ ಹಿಂದಿನ ಶ್ರಮೆಯ ವಾರದಲ್ಲಿ. ಶುಭ ಶುಕ್ರವಾರದ ಆರಾಧನೆಗೆ ವಿಜ್ಞಾನದ ಪುಸ್ತಕ ಹಿಡಿದುಕೊಂಡೇ ಬಂದಿದ್ದ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೆ. ಮೇ 9ಕ್ಕೆ ರಿಸಲ್ಟ್ ಬಂತು. ಗಣಿತದಲ್ಲಿ ಹೋಗಿತ್ತು.

ಅವನ ಹೆಸರು ಬರೆದ ಚೌಕಗಳೇ ಜಾಸ್ತಿ ಇದ್ದವು. ಅವತ್ತು ಆ ಕ್ಯಾಲೆಂಡರ್ ನೋಡೋಕೂ ಮನಸ್ಸಾಗಲಿಲ್ಲ. ಮಾರನೇ ದಿನ ಪ್ರಾರ್ಥನಾ ಕೂಟದಲ್ಲಿ ಒಬ್ಬರು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ನೀವು ಪೂರ್ತಿ ನಂಬಿಕೆಯಿಂದ ಕೇಳಿರಲಿಕ್ಕಿಲ್ಲ ಸಿಸ್ಟರ್" ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದಿರಬಹುದು. ನನಗೆ ಮಾತ್ರ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಕೂಟಗಳಲ್ಲಿ ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ್ದನ್ನು, ಹೇಳುವವರು ಆದದ್ದನ್ನು ಮಾತ್ರ ಹೇಳುತ್ತಾರೆ. ಆಗದೇ ಉಳಿದದ್ದನ್ನು ಮೈಕ್ ಹಿಡಿದು ಹೇಳಿದವರನ್ನು ನಾನು ಕಂಡಿಲ್ಲ. ಕೇಳುವವರು ನಮ್ಮಲ್ಲೇ ಏನೋ ಕೊರತೆ ಅಂದುಕೊಂಡು ಮನೆಗೆ ಹೋಗುತ್ತಾರೆ.

ಅವತ್ತು ರಾತ್ರಿ ಮಾರ್ಕನ ಸುವಾರ್ತೆ ತೆಗೆದೆ. 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆಯೊಬ್ಬ ಇದ್ದಾನೆ. ನಂಬುವವನಿಗೆ ಎಲ್ಲ ಆಗುತ್ತದೆ ಅಂದಾಗ ಅವನು ನಂಬುತ್ತೇನೆ ಅನ್ನುತ್ತಾನೆ. ಅದೇ ಉಸಿರಿಗೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡಬೇಕು ಅಂತ ಕೂಗಿಕೊಳ್ಳುತ್ತಾನೆ. ಅರ್ಧ ನಂಬಿಕೆ, ಅರ್ಧ ಗಾಬರಿ. ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಅಂತ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಹುಡುಗ ವಾಸಿಯಾದ. ಮುಂದಿನ ವಾರ ಕೂಟದಲ್ಲಿ ಈ ಭಾಗ ಓದುತ್ತೇನೆ ಅಂದುಕೊಂಡೆ. ಓದಲಿಲ್ಲ, ಧೈರ್ಯ ಸಾಲಲಿಲ್ಲ.

ಮೇ 11, ಶನಿವಾರ ರಾತ್ರಿ. ಎಲ್ಲರೂ ಮಲಗಿದ ಮೇಲೆ ಕ್ಯಾಲೆಂಡರ್ ಕೆಳಗಿಳಿಸಿ ಮೆಷಿನ್ ಮೇಲೆ ಹರಡಿಕೊಂಡು ಕೂತೆ. ನಿಜ ಹೇಳಬೇಕೆಂದರೆ ದೇವರ ಜೊತೆ ಲೆಕ್ಕ ಚುಕ್ತಾ ಮಾಡೋಣ ಅಂತಲೇ ಕೂತದ್ದು. ಎಷ್ಟು ಕೇಳಿದೆ, ಎಷ್ಟು ಆಯಿತು ನೋಡಿಯೇಬಿಡೋಣ ಅಂತ. ಮಾರ್ಕಿಂಗ್ ಚಾಕ್ ತಗೊಂಡು ಎಣಿಸಿದೆ. ಒಟ್ಟು 88 ದಿನ. ಮೊದಲ ನಾಲ್ಕು ದಿನ 'ಎಲ್ಲರಿಗೂ ಒಳ್ಳೇದು'. ಪುಟ್ಟ 37 ಸಲ. ನೀರು 22. ಅತ್ತೆಯ ಮೊಣಕಾಲು 12. ಬಾಕಿ ಬರಬೇಕಾದ ಹೊಲಿಗೆ ದುಡ್ಡು 7. ಮೇಲಿನ ಮನೆ ಆಂಟಿಯ ಮಗಳ ಹೆರಿಗೆ 4. ನನ್ನ ಕತ್ತು ನೋವು 2.

ಕೂಡಿಸಿದೆ, 88 ಸರಿಯಾಯಿತು. ಏನೋ ತಪ್ಪಿದೆ ಅನ್ನಿಸಿತು. ಮತ್ತೆ ಎಣಿಸಿದೆ. ನಮ್ಮನೆಯವರ ಹೆಸರು ಎಲ್ಲೂ ಇರಲಿಲ್ಲ.

ಒಂದು ಸಲವೂ ಇಲ್ಲ. ಮೂರು ತಿಂಗಳು ದಿನಾ ಬೆಳಿಗ್ಗೆ ಆ ಮನುಷ್ಯನಿಗೆ ಕಾಫಿ ಕೊಟ್ಟು, ಡಬ್ಬಿ ಕಟ್ಟಿ, ಅದೇ ಒಲೆ ಮುಂದೆ ನಿಂತು ಮೇಲಿನ ಮನೆಯವರ ಮಗಳ ಹೆರಿಗೆ ತನಕ ಬೇಡಿಕೊಂಡಿದ್ದೇನೆ. ಇವರು ನೆನಪಿಗೇ ಬಂದಿಲ್ಲ. ಇವರೂ ಹಾಗೇ, ಸದ್ದಿಲ್ಲದ ಮನುಷ್ಯ. ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಏಳೂವರೆಗೆ ಹೋಗಿ ರಾತ್ರಿ ಎಂಟಕ್ಕೆ ಬಂದು, ಪ್ರಾರ್ಥನೆಗೆ ಕೂತು, ಉಂಡು ಮಲಗುವವರು. ಹೊಲಿಗೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಬಾಬಿನ್ನಿನಲ್ಲಿ ದಾರ ಮುಗಿದಿದ್ದರೂ ಮೆಷಿನ್ ಓಡುತ್ತಲೇ ಇರುತ್ತದೆ. ಮೇಲಿಂದ ನೋಡಿದರೆ ಹೊಲಿಗೆ ಬಿದ್ದ ಹಾಗೇ ಕಾಣುತ್ತದೆ. ಬಟ್ಟೆ ಎತ್ತಿ ಎಳೆದಾಗ ಇಡೀ ದಾರ ಕೈಗೆ ಬರುತ್ತದೆ. ಅಡಿಯ ದಾರ ಕಾಣುವುದಿಲ್ಲ, ಅದಕ್ಕೇ ಅದರ ಕಡೆ ಯಾರೂ ನೋಡುವುದಿಲ್ಲ.

ಬೆಳಿಗ್ಗೆ ಕಾಫಿ ಕೊಡುತ್ತಾ, "ರೀ, ನಿಮ್ಮದೇನಾದ್ರೂ ಇದ್ರೆ ಕ್ಯಾಲೆಂಡರ್‌ನಲ್ಲಿ ಬರೀರಿ. ಪ್ರಾರ್ಥನೆಗೆ" ಅಂದೆ. ಲೋಟ ನೋಡುತ್ತಾ "ಹ್ಞೂಂ" ಅಂದರು. ಅಷ್ಟೇ.

ಸೋಮವಾರ, ಮೇ 13. ಹಾಲು ಇಟ್ಟು ಪೆನ್ನು ತಗೊಂಡೆ. ಅವತ್ತಿನ ಚೌಕ ಆಗಲೇ ತುಂಬಿತ್ತು. ಸ್ಟೋರ್ಸ್ ರಿಜಿಸ್ಟರ್‌ನಲ್ಲಿ ಬರೆದು ಬರೆದು ರೂಢಿಯಾದ ಇವರ ಸಣ್ಣ ಅಕ್ಷರ. 'ಮಾರ್ಚ್ ಸಂಬಳ ಬಂದಿಲ್ಲ. ಏಪ್ರಿಲ್‌ದು ಬರುವ ಹಾಗೆ ಕಾಣಲ್ಲ.'

ಓದುತ್ತಾ ನಿಂತಿದ್ದೆ. ಹಿಂದಿನಿಂದ ಚುಸ್ ಅಂತ ಸದ್ದು. ಹಾಲೆಲ್ಲ ಒಲೆ ಮೇಲೆ.

ಹಾಗಾದರೆ ಎರಡು ತಿಂಗಳು ಮನೆ ನಡೆದದ್ದು ಹೇಗೆ? ಚೀಟಿ ಕೂಗಿ ಎತ್ತಿದ್ದರು. ಪುಟ್ಟನ ಕಾಲೇಜಿಗೆ ಅಂತ ಕಟ್ಟುತ್ತಿದ್ದ ಚೀಟಿ. ನಾನು ಒಳ್ಳೇ ಹೆಂಡತಿಯ ಹಾಗೆ ಸಮಾಧಾನ ಮಾಡಲಿಲ್ಲ. ಒಲೆ ಒರೆಸುತ್ತಾ ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಎಲ್ಲ ಕೇಳಿಸಿಕೊಂಡು, "ನೀನೇ ಬರೀರಿ ಅಂದ್ಯಲ್ಲ" ಅಂದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಗೊತ್ತಿರಲಿಲ್ಲ. ದಿನಾ ರಾತ್ರಿ ದೇಶದ ಗಡಿ ತನಕ ಪ್ರಾರ್ಥನೆ ಮಾಡುವ ಮನೆಯಲ್ಲಿ, ಪಕ್ಕದಲ್ಲೇ ಕೂತವರ ವಿಷಯ ಯಾರಿಗೂ ಗೊತ್ತಿರಲಿಲ್ಲ!

ಆಮೇಲೆ ಕುಟುಂಬ ಪ್ರಾರ್ಥನೆಯ ಕ್ರಮ ಬದಲಾಯಿತು. ಅಯ್ಯನವರನ್ನು ಕೇಳಿ ಮಾಡಿದ್ದಲ್ಲ, ನಾವೇ ಮಾಡಿಕೊಂಡದ್ದು. ಮೊದಲು ಎಲ್ಲರೂ ಒಂದೊಂದು ಮಾತು ಹೇಳಬೇಕು, ಇವತ್ತು ಏನಾಯಿತು ಅಂತ. ಆಮೇಲೆ ಪ್ರಾರ್ಥನೆ. ಒಬ್ಬರು ತಮ್ಮ ಬಲಗಡೆ ಕೂತವರಿಗಾಗಿ ಮಾತ್ರ ಬೇಡಿಕೊಳ್ಳಬೇಕು. ಪುಟ್ಟ ಮೊದಲ ದಿನ ಅವರಪ್ಪನಿಗಾಗಿ, "ಕರ್ತನೇ, ಅಪ್ಪಂಗೆ ಸಂಬಳ ಕೊಡ್ಸು, ಆಮೆನ್" ಅಂದ. ನಾಲ್ಕು ಸೆಕೆಂಡ್. ಇವರು ತಲೆ ಎತ್ತಲೇ ಇಲ್ಲ. ದೇಶ ಆಳುವವರಿಗೆ ಅತ್ತೆ ಈಗ ಮಧ್ಯಾಹ್ನ ಪ್ರಾರ್ಥನೆ ಮಾಡುತ್ತಾರೆ, ಒಬ್ಬರೇ, ನಿಧಾನವಾಗಿ. ಸಾರು ಬಿಸಿಯಾಗಿರುತ್ತದೆ.

ಮಳೆ ಮೇ ಮೊದಲ ವಾರವೇ ಶುರುವಾಗಿತ್ತು. ಜೂನ್ 2, ಭಾನುವಾರ ಸಂಜೆ ಸುರಿದದ್ದು ಮಾತ್ರ ಬೇರೆಯೇ. ಒಂದೇ ದಿನ 111.1 ಮಿಲಿಮೀಟರ್, ಜೂನ್ ತಿಂಗಳಲ್ಲಿ ಬೆಂಗಳೂರು 133 ವರ್ಷಗಳಲ್ಲಿ ಕಾಣದ ಮಳೆ ಅಂತ ಪೇಪರ್‌ನಲ್ಲಿ ಬಂತು. ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ಗೆ ನೀರು ನುಗ್ಗಿ ಇವರ ಸ್ಕೂಟರ್ ಸೈಲೆನ್ಸರ್ ತನಕ ಮುಳುಗಿತು. ರಿಪೇರಿಗೆ 2,300 ರೂಪಾಯಿ, ಅದೂ ಸಂಬಳ ಇಲ್ಲದ ತಿಂಗಳಲ್ಲಿ. ಅತ್ತೆ ಬಾಲ್ಕನಿಯಿಂದ ನೋಡುತ್ತಾ, "ಕೇಳೋವಾಗ ಅಳತೆ ಹೇಳ್ಬೇಕಿತ್ತು ಕಣಮ್ಮ. ಟೈಲರ್ ಆಗಿ ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?" ಅಂದರು.

ಪುಟ್ಟ ಜೂನ್‌ನಲ್ಲಿ ಎರಡನೇ ಪರೀಕ್ಷೆ ಬರೆದ. ಪಾಸಾದ, 41 ಅಂಕ. ಇದನ್ನು ಸಾಕ್ಷಿ ಹೇಳುವ ಹಾಗೆ ಹೇಳೋಕೆ ನನಗೆ ಇಷ್ಟವಿಲ್ಲ. ಈ ಸಲ ಅವನ ಜೊತೆ ದಿನಾ ರಾತ್ರಿ ಅವರಪ್ಪ ಕೂತಿದ್ದರು. ಲೆಕ್ಕದಲ್ಲಿ ಇವರು ಇಷ್ಟು ಗಟ್ಟಿ ಅಂತ ಹದಿನೇಳು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ.

ಜುಲೈನಲ್ಲಿ ಇವರು ಆ ಕೆಲಸ ಬಿಟ್ಟರು. ನನ್ನ ಎರಡು ಬಳೆ ಅಡಕ್ಕೆ ಹೋದವು. ಕೆಲಸ ಹೋಗಿ ಒಂದು ತಿಂಗಳಾದ ಮೇಲೆ ಪಿಎಫ್‌ನಲ್ಲಿ ಮುಕ್ಕಾಲು ಭಾಗ ತೆಗೆಯಬಹುದಿತ್ತು. ಆದರೆ ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಿಎಫ್‌ನಲ್ಲಿ ಮುಂದೆ. ಅದು ಸರಿಹೋಗುವ ತನಕ ದುಡ್ಡಿಲ್ಲ. ಆ ದಿನಗಳ ಚೌಕದಲ್ಲಿ ಮೇಲೆ 'ಇವರಿಗೆ ಕೆಲಸ', ಕೆಳಗೆ 'ಯುಎಎನ್ ಪಾಸ್‌ವರ್ಡ್ ಹುಡುಕು', 'ಫಾರಂ ಮತ್ತೆ ವಾಪಸ್ ಬಂತು' ಅಂತೆಲ್ಲ ಇದೆ. ಇನಿಷಿಯಲ್‌ಗೋಸ್ಕರ ಪ್ರಾರ್ಥನೆ ಮಾಡುತ್ತೇನೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ.

ಮೇಲಿನ ಮನೆ ಆಂಟಿಗೆ ವಿಷಯ ಗೊತ್ತಾಯಿತು. ನಮ್ಮಲ್ಲಿ ಹೀಗೆ, ಪೈಪಿನಲ್ಲಿ ನೀರು ಏರದಿದ್ದರೂ ಮಾತು ಏರುತ್ತದೆ. ಅವರು ಬನಶಂಕರಿ ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರು. "ನಿಮ್ಮನೆಯವರ ಹೆಸರಲ್ಲೂ ಒಂದು ಹಚ್ಚಿ ಬಂದೆ ಕಣ್ರೀ. ನೀವು ತಪ್ಪು ತಿಳ್ಕೊಳಲ್ಲ ತಾನೇ?" ಅಂದರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವರ ಮಗಳ ಹೆಸರಿದ್ದ ನಾಲ್ಕು ಚೌಕಗಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಅದರ ಮೇಲೆ ಬೆರಳಿಟ್ಟು ಓದಿದರು. ಮಗುವಿಗೆ ಆಗ ಎರಡು ತಿಂಗಳು.

ಆಗಸ್ಟ್ ಹಾಳೆಯಲ್ಲಿ 6ರಿಂದ 16ರ ತನಕ ಹನ್ನೊಂದು ಚೌಕಗಳಲ್ಲಿ ಪ್ರಾರ್ಥನೆ ಇಲ್ಲ. ವರಮಹಾಲಕ್ಷ್ಮಿ ಹಬ್ಬ ಆ ವರ್ಷ 16ಕ್ಕೆ ಬಂದಿತ್ತು. ಹಬ್ಬದ ಹಿಂದಿನ ಎರಡು ವಾರ ಅಂದರೆ ಬ್ಲೌಸ್ ಹೊಲಿಯುವವರಿಗೆ ಹಗಲು ರಾತ್ರಿ ಒಂದೇ. ಇವರು ನೆಲದ ಮೇಲೆ ಕೂತು ಹುಕ್ಸ್ ಹಾಕುತ್ತಿದ್ದರು. ಮೊದಲ ದಿನ ಆರು ಹುಕ್ಸ್ ಉಲ್ಟಾ ಹಾಕಿ, ಬಿಚ್ಚಿ ಮತ್ತೆ ಹಾಕಿದರು. ಹೊತ್ತಿಲ್ಲ ಅನ್ನುವುದು ನೆಪ. ನಿಜವಾಗಿ ನನಗೆ ಸಿಟ್ಟು ಬಂದಿತ್ತು. ಒಂದು ಇಂಟರ್‌ವ್ಯೂ ಆಗೇ ಹೋಯಿತು ಅನ್ನುವಷ್ಟು ಹತ್ತಿರ ಬಂದು ತಪ್ಪಿತ್ತು. ದಿನಾ ಕೇಳಿ ಕೇಳಿ ಸಾಕಾಗಿದೆ, ಬೇಕಾದರೆ ನೀನೇ ತಿಳ್ಕೋ ಅಂತ ಬಿಟ್ಟುಬಿಟ್ಟಿದ್ದೆ. ಹಾಲಿನ ಲೆಕ್ಕ ಮಾತ್ರ ಬರೆಯುತ್ತಿದ್ದೆ.

ಅತ್ತೆ ಗಮನಿಸಿದ್ದರು. ಒಂದು ರಾತ್ರಿ ಪ್ರಾರ್ಥನೆಗೆ ಕೂತಾಗ ಕ್ಯಾಲೆಂಡರ್ ತಂದು ನನ್ನ ಮುಂದಿಟ್ಟರು.

"ಓದು."

"ಏನಿಲ್ಲ ಅತ್ತೆ ಅದ್ರಲ್ಲಿ. ಹಾಲಿನ ಲೆಕ್ಕ."

"ಅದನ್ನೇ ಓದು."

ಓದಿದೆ. "ಆರನೇ ತಾರೀಖು, ಎರಡು ಪ್ಯಾಕೆಟ್." ಅತ್ತೆ ಕಣ್ಣು ಮುಚ್ಚಿ, ದೇವರಿಗೆ ವಂದನೆ ಹೇಳುವ ಹಾಗೆ, "ಸ್ತೋತ್ರ" ಅಂದರು. "ಏಳು, ಎರಡು ಪ್ಯಾಕೆಟ್." "ಸ್ತೋತ್ರ." ಪುಟ್ಟನಿಗೆ ನಗು ತಡೆಯಲಾಗಲಿಲ್ಲ. ಎಂಟಕ್ಕೆ, ಒಂಬತ್ತಕ್ಕೆ ಅವನೂ ಸೇರಿಕೊಂಡ. ಹತ್ತನೇ ತಾರೀಖಿಗೆ ಮೂರು ಪ್ಯಾಕೆಟ್ ಇತ್ತು. "ಮೂರು ಯಾಕೆ?" ಅಂತ ಅತ್ತೆ ಕಣ್ಣು ಬಿಟ್ಟರು. "ಮೊಸರಿಗೆ ಅತ್ತೆ." "ಹ್ಞಾ, ಸ್ತೋತ್ರ." ಜೂನ್ ಕೊನೆಯಲ್ಲಿ ನಂದಿನಿಯವರು ಎರಡು ರೂಪಾಯಿ ಏರಿಸಿ, ಅರ್ಧ ಲೀಟರ್ ಪ್ಯಾಕೆಟ್‌ಗೆ 50 ಮಿಲಿಲೀಟರ್ ಹಾಲು ಜಾಸ್ತಿ ಹಾಕಿದ್ದರು. ಇವರು, "ಅಮ್ಮ, ಆ ಐವತ್ತು ಎಂಎಲ್‌ಗೂ ಒಂದು ಸ್ತೋತ್ರ ಸೇರಿಸು" ಅಂದರು. ಮೇ ತಿಂಗಳ ನಂತರ ಇವರು ತಮಾಷೆ ಮಾಡಿದ್ದು ಅವತ್ತೇ.

17ಕ್ಕೆ ಮತ್ತೆ ಬರೆಯಲು ಶುರು ಮಾಡಿದೆ. ಸಿಟ್ಟು ಹೋಗಿರಲಿಲ್ಲ. ಸಿಟ್ಟನ್ನೇ ಬರೆದೆ: 'ಇನ್ನೂ ಎಷ್ಟು ದಿನ?' ಕೆಳಗಿನ ಸಾಲಿಗೆ ಏನೂ ತೋಚಲಿಲ್ಲ, ಖಾಲಿ ಬಿಟ್ಟೆ.

ಈಗಲೂ ಹೀಗೇ ಮಾಡುತ್ತೇನೆ, ಹಾಲು, ಪೆನ್ನು, ಒಂದು ಸಾಲು. ತಿಂಗಳ ಕೊನೆಯ ರಾತ್ರಿ ಹಾಳೆ ಮಗುಚುವ ಮೊದಲು ನಾಲ್ಕೂ ಜನ ಕೂತು ಓದುತ್ತೇವೆ. ಆದದ್ದಕ್ಕೆ ಒಂದು ಗೀಟು. ಆಗದ್ದನ್ನು ಹಾಗೇ ಬಿಡುತ್ತೇವೆ, ಅದಕ್ಕೆ ಕಾರಣ ಹುಡುಕುವುದಿಲ್ಲ. ಕಾರಣ ಹುಡುಕೋಕೆ ಹೋದರೆ ಯಾರ ನಂಬಿಕೆ ಕಮ್ಮಿ ಅನ್ನುವಲ್ಲಿಗೇ ಮಾತು ನಿಲ್ಲುತ್ತದೆ, ಆ ದಾರಿ ನನಗೆ ಬೇಡ. ಗೀಟು ಹಾಕುವಾಗ ಆಗುವ ಆಶ್ಚರ್ಯವೇ ಬೇರೆ. ಕೇಳಿದ್ದು ಆಗಿಹೋಗಿರುತ್ತದೆ, ಕೇಳಿದ್ದೇ ನೆನಪಿರುವುದಿಲ್ಲ. ಕತ್ತು ನೋವು ಯಾವತ್ತು ಹೋಯಿತೋ ನನಗೆ ಗೊತ್ತೇ ಇಲ್ಲ. ಇನ್ನೊಂದು ಗಮನಿಸುತ್ತೇನೆ. ಈ ತಿಂಗಳು ಯಾರ ಹೆಸರು ಬಂದಿಲ್ಲ ಅಂತ. ಬರದಿದ್ದವರ ಹೆಸರಿನಿಂದಲೇ ಮುಂದಿನ ತಿಂಗಳ ಒಂದನೇ ತಾರೀಖು ಶುರು.

ನವೆಂಬರ್‌ನಲ್ಲಿ ಇವರಿಗೆ ಜೆ.ಸಿ. ರಸ್ತೆಯ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮೊದಲಿಗಿಂತ ಆರು ಸಾವಿರ ಕಮ್ಮಿ. ಬಳೆ ಒಂದು ಬಿಡಿಸಿದ್ದೇವೆ, ಒಂದು ಇನ್ನೂ ಅಲ್ಲೇ ಇದೆ. ಹಳೇ ಕಂಪನಿಯಿಂದ ಬರಬೇಕಾದ ಸಂಬಳ ಬಂದಿಲ್ಲ. ಆ ಚೌಕಗಳಿಗೆ ಗೀಟಿಲ್ಲ.

ನಮ್ಮಂಥ ಮೆಥಡಿಸ್ಟ್ ಮೂಲದ ಸಭೆಗಳಲ್ಲಿ ವರ್ಷದ ಮೊದಲ ಭಾನುವಾರ ಒಡಂಬಡಿಕೆ ಆರಾಧನೆ ಮಾಡುತ್ತಾರೆ. ಮೆಥಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ 1755ರಲ್ಲಿ ಶುರು ಮಾಡಿದ್ದು. ಸಭೆಯವರೆಲ್ಲ ಒಟ್ಟಾಗಿ ಹೇಳುವ ಪ್ರಾರ್ಥನೆಯಲ್ಲಿ, ನಿನಗಾಗಿ ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕೆ ಇಟ್ಟರೂ ಸರಿ ಅನ್ನುವ ಅರ್ಥದ ಮಾತು ಬರುತ್ತದೆ. ವರ್ಷಾ ವರ್ಷ ಹೇಳಿ ಬಾಯಿಗೆ ಬಂದುಬಿಟ್ಟಿದೆ. 2025ರ ಜನವರಿ 5ರಂದು ಆ ಸಾಲು ಬಂದಾಗ ಪಕ್ಕದಲ್ಲಿ ಇವರ ದನಿ ನಿಂತಿತು. ನಾನು ತಿರುಗಿ ನೋಡಲಿಲ್ಲ. ಒಂದು ಸಾಲು ಬಿಟ್ಟು ಮತ್ತೆ ಸೇರಿಕೊಂಡರು.

ಹಳೇ ಕ್ಯಾಲೆಂಡರ್ ಹಾಳೆಗಳನ್ನು ನಾನು ಎಸೆಯುವುದಿಲ್ಲ. ಕಾಗದ ದಪ್ಪ ಇರುತ್ತದೆ, ಪೇಪರ್ ಕಟಿಂಗ್‌ಗೆ ಬಹಳ ಚೆನ್ನ. 2024ರದಕ್ಕೆ ಕತ್ತರಿ ಹಾಕೋಕೆ ಕೈ ಹಿಂಜರಿಯಿತು. ಮೇ ಹಾಳೆ ಮಡಿಸಿ ಬೈಬಲ್‌ನಲ್ಲಿ ಇಟ್ಟಿದ್ದೇನೆ. ಏಪ್ರಿಲ್ ಕತ್ತರಿಸಿದೆ. 36 ಸೈಜಿನ ತೋಳಾಯಿತು. ಅದೀಗ ಮೆಷಿನ್ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ.

ಮೊನ್ನೆ ಅಳತೆ ಕೊಡೋಕೆ ಬಂದ ಹುಡುಗಿ ಅದನ್ನೇ ನೋಡುತ್ತಿದ್ದಳು. "ಆಂಟಿ, ಇದ್ರ ಮೇಲೆ ಮೋಡ, ಮೋಡ ಅಂತ ಬರ್ದಿದ್ಯಲ್ಲ, ಏನದು?"

"ತೋಳು ಕಣಮ್ಮ. ಅಲ್ಲಾಡ್ಬೇಡ, ಕೈ ಎತ್ತು."